ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಸಾವಯವ ವೈನ್: ನಾನು ಮಾಡುವ ರೀತಿ

ವೈನ್ ಬಗ್ಗೆ ಕೇಳುವವರೆಲ್ಲ ಮೊದಲು ಕೇಳೋದು ಈಸ್ಟ್ ಎಷ್ಟು, ಸಕ್ಕರೆ ಎಷ್ಟು ಅಂತ. ನಾನು ಮಾತ್ರ ಚಪ್ಪರದಿಂದಲೇ ಶುರು ಮಾಡುತ್ತೇನೆ. ಅಂಗಡಿಯ ಈಸ್ಟ್ ಹಾಕೋದಿಲ್ಲ, ವೈನ್ ಕೆಡದಿರಲಿ ಅಂತ ಹಾಕುವ ಸಲ್ಫೈಟ್ ಕೂಡ ಬೆರೆಸೋದಿಲ್ಲ. ಹುದುಗಿಸೋದು ಸಿಪ್ಪೆಯ ಮೇಲೆ ತಾನಾಗಿ ಇರುವ ಈಸ್ಟೇ. ಹಾಗಾಗಿ ಸಿಪ್ಪೆಯ ಮೇಲೆ ಏನಿದೆಯೋ ಅದೇ ವೈನ್‌ಗೂ ಬರುತ್ತದೆ.

ನಮ್ಮದು ದೊಡ್ಡಬಳ್ಳಾಪುರದ ಕಡೆ, ಬೆಳೆಯೋದು ಬೆಂಗಳೂರು ಬ್ಲೂ. 2013ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ ದ್ರಾಕ್ಷಿ ಇದು. ಗೊಬ್ಬರ ಅಂದರೆ ಕೊಟ್ಟಿಗೆ ಗೊಬ್ಬರ, ಸಗಣಿ, ಗಂಜಲ, ಬೆಲ್ಲ ಕಲಸಿ ಮಾಡುವ ಜೀವಾಮೃತ, ಅಷ್ಟೇ. ಕಷ್ಟ ಕೊಡೋದು ಮಳೆಗಾಲದಲ್ಲಿ ಎಲೆ, ಗೊಂಚಲಿಗೆ ಬರುವ ಡೌನಿ ಅನ್ನೋ ಬೂಷ್ಟು ರೋಗ. ಅದಕ್ಕೆ ಶೇ. 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಸಾವಯವದಲ್ಲಿ ಇದಕ್ಕೆ ಅನುಮತಿ ಇದೆ, ಆದರೆ ತಾಮ್ರ ಮಣ್ಣಲ್ಲೇ ಉಳಿದು ಸೇರಿಕೊಳ್ಳುತ್ತಾ ಹೋಗುತ್ತದೆ, ಅದಕ್ಕೇ ಸುಮ್ನೆ ಸುಮ್ನೆ ಹೊಡೆಯಬಾರದು. ಗೊಂಚಲಿನ ಸುತ್ತ ಎಲೆ ತೆಗೆದು ಗಾಳಿ ಆಡಲು ಬಿಟ್ಟರೆ ಅರ್ಧ ಸಿಂಪಡಣೆ ಬೇಕೇ ಆಗೋದಿಲ್ಲ. ಬೂದಿ ರೋಗಕ್ಕೆ ಹೊಡೆಯುವ ಗಂಧಕವನ್ನು ಕೊಯ್ಲಿಗೆ ಒಂದು ತಿಂಗಳಿಗೂ ಮೊದಲೇ ನಿಲ್ಲಿಸಿಬಿಡುತ್ತೇನೆ. ಹಣ್ಣಿನ ಮೇಲೆ ಗಂಧಕ ಉಳಿದರೆ ಹುದುಗುವಾಗ ಕೊಳೆತ ಮೊಟ್ಟೆ ವಾಸನೆ ಬರುತ್ತದೆ.

ಹಣ್ಣನ್ನು ತೊಳೆಯೋದಿಲ್ಲ, ಆರಿಸುತ್ತೇನೆ. ಒಡೆದದ್ದು, ಬೂಷ್ಟು ಹಿಡಿದದ್ದು ಒಂದೂ ಒಳಗೆ ಹೋಗಬಾರದು. ಸಲ್ಫೈಟ್ ಇಲ್ಲದ ಮೇಲೆ ವೈನ್ ಕೆಡದಂತೆ ಕಾಪಾಡುವುದು ಈ ಆರಿಸುವ ಕೆಲಸವೇ, ಇಲ್ಲಿ ಅವಸರ ಬೇಡ. ತೊಟ್ಟು ಬಿಡಿಸಿ ಕೈಯಲ್ಲೇ ಹಿಚುಕುತ್ತೇನೆ. ಈ ತಳಿಯಲ್ಲಿ ಹಿಚುಕಿದ ತಕ್ಷಣ ತಿರುಳು ಜಾರಿ ಹೊರಗೆ ಬಂದು ಸಿಪ್ಪೆ ಬೇರೆ ಆಗುತ್ತದೆ, ಕೈಯೆಲ್ಲ ನೇರಳೆ. ಬಣ್ಣ ಇರೋದೆಲ್ಲ ಆ ಸಿಪ್ಪೆಯಲ್ಲಿ.

ಒಂದು ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆ ಶೇ. 1 ಆಲ್ಕೋಹಾಲ್ ಆಗುತ್ತದೆ. ರಸದ ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ 17 ಬ್ರಿಕ್ಸ್ (ಸಿಹಿಯ ಅಳತೆ) ಬಂದರೆ ಹೆಚ್ಚೂಕಮ್ಮಿ ಶೇ. 9 ಸಿಗುತ್ತದೆ. ಕಡಿಮೆ ಅನ್ನಿಸಿದರೆ ಸಾವಯವ ಸಕ್ಕರೆಯನ್ನು ಅದೇ ಲೆಕ್ಕದಲ್ಲಿ ಸೇರಿಸುತ್ತೇನೆ, ರುಚಿಗೆ ಅಂತ ಸುರಿಯೋದಿಲ್ಲ.

ಭರಣಿಯನ್ನು ಮುಕ್ಕಾಲು ಮಾತ್ರ ತುಂಬಿಸಿ ಬಾಯಿಗೆ ತೆಳು ಬಟ್ಟೆ ಕಟ್ಟುತ್ತೇನೆ. ಒಂದೆರಡು ದಿನದಲ್ಲಿ ಗುಳುಗುಳು ಸದ್ದು ಶುರುವಾಗಿ ಸಿಪ್ಪೆಯೆಲ್ಲ ಮೇಲೆ ಬಂದು ದಪ್ಪ ಪದರ ಕಟ್ಟುತ್ತದೆ. ಅದನ್ನು ಬೆಳಿಗ್ಗೆ ಸಂಜೆ ಮರದ ಸೌಟಿನಿಂದ ಒಳಗೆ ಅದುಮಲೇಬೇಕು, ಇಲ್ಲದಿದ್ದರೆ ಮೇಲ್ಭಾಗ ಒಣಗಿ ಬೂಷ್ಟು ಬರುತ್ತದೆ, ಇಲ್ಲವೇ ವಿನೆಗರ್ ಕಡೆಗೆ ತಿರುಗುತ್ತದೆ. ಸೆಕೆ ಜಾಸ್ತಿ ಇದ್ದರೆ ಭರಣಿಗೆ ಒದ್ದೆ ಗೋಣಿಚೀಲ ಸುತ್ತಬೇಕು.

ವಾರದ ಹೊತ್ತಿಗೆ ಬಟ್ಟೆಯಲ್ಲಿ ಹಿಂಡಿ, ಕಿರಿದಾದ ಬಾಯಿಯ ಗಾಜಿನ ಜಾಡಿಗೆ ಕುತ್ತಿಗೆವರೆಗೂ ತುಂಬಿಸಿ, ಮುಚ್ಚಳದಿಂದ ಒಂದು ಪೈಪ್ ತೆಗೆದು ನೀರಿನ ಲೋಟದಲ್ಲಿ ಮುಳುಗಿಸಿಡುತ್ತೇನೆ. ಒಳಗಿನ ಗ್ಯಾಸ್ ಹೊರಗೆ ಬರಬೇಕು, ಹೊರಗಿನ ಗಾಳಿ ಒಳಗೆ ಹೋಗಬಾರದು, ಅಷ್ಟೇ ಅಲ್ವಾ? ಗುಳ್ಳೆ ಪೂರ್ತಿ ನಿಲ್ಲುವ ಮೊದಲು ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಿದರೆ ಸಿಡಿಯುತ್ತದೆ, ಜೋಪಾನ. ತಳದಲ್ಲಿ ಗಷ್ಟು ಕೂತಂತೆಲ್ಲ ತಿಳಿಯನ್ನು ಬೇರೆ ಜಾಡಿಗೆ ಬಗ್ಗಿಸುತ್ತೇನೆ.

ಯುರೋಪಿನಲ್ಲಿ ಸಿಹಿ ಉಳಿಯದ ಸಾವಯವ ಕೆಂಪು ವೈನ್‌ಗೆ ಲೀಟರಿಗೆ 100 ಮಿ.ಗ್ರಾಂವರೆಗೆ ಸಲ್ಫೈಟ್ ಇರಲು ಬಿಡುತ್ತಾರೆ. ಈಸ್ಟ್ ತಾನಾಗಿಯೂ ಸ್ವಲ್ಪ ಸಲ್ಫೈಟ್ ಉತ್ಪತ್ತಿ ಮಾಡುತ್ತದೆ, ಹಾಗಾಗಿ ನನ್ನದರಲ್ಲಿ ಒಂದು ಚೂರೂ ಇಲ್ಲ ಅಂತ ನಾನು ಹೇಳೋದಿಲ್ಲ. ಮೇಲಿಂದ ಸೇರಿಸಿಲ್ಲ, ಅಷ್ಟೇ. ಅದಕ್ಕೇ ತಂಪು ಜಾಗದಲ್ಲಿಟ್ಟು ಒಂದು ವರ್ಷದೊಳಗೆ ಕುಡಿದು ಮುಗಿಸುತ್ತೇವೆ. ಇದೆಲ್ಲ ಮನೆಮಟ್ಟಿಗೆ, ಮಾರಬೇಕು ಅಂದರೆ ಅಬಕಾರಿ ಪರವಾನಗಿ ಬೇಕು.