ದರ ಬದಲಾದರೆ ಕೋಡ್ ಏಕೆ ಬಿಚ್ಚಬೇಕು?

ಹಾಲಿನ ಡೇರಿಯೊಂದಕ್ಕೆ ಬಿಲ್ಲು ಹಾಕುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದುಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಲೀಟರಿನ ದರ, ಬಿಲ್ಲು ಉಳಿಸುವ ಜಾಗ ಎಲ್ಲವೂ ಕೋಡಿನೊಳಗೇ ಹೂತು ಕುಳಿತಿವೆ. ದರ ಏರಿದ ದಿನ ಕಾರ್ಯದರ್ಶಿ ಫೋನ್ ಮಾಡುತ್ತಾರೆ. ನೀವೋ ಯಾರದೋ ಮದುವೆಮನೆಯ ಪಂಕ್ತಿಯಲ್ಲಿ ಕೂತಿರುತ್ತೀರಿ.

ಹಾಗಾಗಿ ಮೊದಲ ಕೆಲಸ, ಬದಲಾಗುವುದನ್ನೆಲ್ಲ ಹೊರಗೆ ತರುವುದು. ನೋಟ್‌ಪ್ಯಾಡಿನಲ್ಲಿ ಒಂದು ಐಎನ್‌ಐ ಕಡತ (.ini, 'ಹೆಸರು = ಮೌಲ್ಯ' ಎಂಬ ಸಾಲುಗಳ ಸರಳ ಪಠ್ಯ ಕಡತ) ಮಾಡಿ:

[ಬಿಲ್ಲು]
ದರ = 36.50
ಮುದ್ರಿಸು = 0
[ದಾಖಲೆ]
ಮಟ್ಟ = 20

ಹೌದು, ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಕಡತವನ್ನು ಯುಟಿಎಫ್-8 (ಕನ್ನಡಕ್ಕೂ ಒಗ್ಗುವ ಅಕ್ಷರ ಸಂಕೇತ ಪದ್ಧತಿ, ಅಂದರೆ ಎನ್‌ಕೋಡಿಂಗ್) ಆಗಿ ಉಳಿಸಿ, ಓದುವಾಗಲೂ ಎನ್‌ಕೋಡಿಂಗ್ ಅದೇ ಎಂದು ಹೇಳಿದರೆ ಸಾಕು. ಹೇಳದಿದ್ದರೆ ವಿಂಡೋಸ್‌ನಲ್ಲಿ ಅಕ್ಷರ ಕಲಸುಮೇಲೋಗರವಾಗಬಹುದು. ಒಂದೇ ಎಚ್ಚರ: ಅರ್ಧಾಕ್ಷರದಲ್ಲಿ ಮುಗಿಯುವ ಹೆಸರು ಬೇಡ. ಕೆಲವು ಕೀಲಿಮಣೆಗಳು ಅಲ್ಲಿ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಸೇರಿಸುತ್ತವೆ. ನೋಡಲು ಎರಡೂ ಒಂದೇ, ಪೈಥಾನ್ ಮಾತ್ರ ಆ ಹೆಸರೇ ಇಲ್ಲವೆಂದು ಹಟ ಹಿಡಿಯುತ್ತದೆ. 'ಬಿಲ್' ಬಿಟ್ಟು 'ಬಿಲ್ಲು' ಎಂದು ಬರೆದದ್ದು ಅದಕ್ಕೇ.

ಓದಲು ಪೈಥಾನ್ ಜತೆಗೇ ಬರುವ ಕಾನ್ಫಿಗ್‌ಪಾರ್ಸರ್ ಇದೆ. ಒಳ್ಳೆಯ ಆಳು, ಆದರೆ ಮೌನಿ. ಕಡತ ಸಿಗದಿದ್ದರೂ ಅದರ ಓದುವ ಆಜ್ಞೆ ರೀಡ್ ಚಕಾರ ಎತ್ತುವುದಿಲ್ಲ. ಓದಿದ ಕಡತಗಳ ಪಟ್ಟಿಯನ್ನಷ್ಟೇ ಕೊಡುತ್ತದೆ. ಪಟ್ಟಿ ಖಾಲಿಯಿದ್ದರೆ ಅಲ್ಲೇ ನಿಲ್ಲಿಸಿ. ಕಡತದ ವಿಳಾಸವನ್ನು ಪ್ರೋಗ್ರಾಂ ಇರುವ ಫೋಲ್ಡರಿನಿಂದ ಲೆಕ್ಕ ಹಾಕಿ, ಓಡಿಸಿದ ಜಾಗದಿಂದಲ್ಲ.

ಇನ್ನೊಂದು ಗುಣ: ಅದಕ್ಕೆ ಎಲ್ಲವೂ ಬರಿಯ ಪಠ್ಯ. ಮೇಲಿನ 0 ಕೂಡ ಪಠ್ಯವೇ, ಖಾಲಿಯಲ್ಲದ ಪಠ್ಯ ಪೈಥಾನಿಗೆ ಸತ್ಯ. ನೇರವಾಗಿ ಇಫ್ ಷರತ್ತಿಗೆ ಕೊಟ್ಟರೆ, ಬೇಡವೆಂದರೂ ಪ್ರಿಂಟರ್ ಕಾಗದ ಉಗುಳುತ್ತಲೇ ಇರುತ್ತದೆ. ಪಠ್ಯವನ್ನು ಕ್ರಮವಾಗಿ ಹೌದು-ಅಲ್ಲ, ದಶಮಾಂಶ, ಪೂರ್ಣಾಂಕವಾಗಿ ಬದಲಿಸಿಕೊಡುವ ಗೆಟ್‌ಬೂಲಿಯನ್, ಗೆಟ್‌ಫ್ಲೋಟ್, ಗೆಟ್‌ಇಂಟ್ ಬಳಸಿ. ರಿಯಾಯಿತಿಗೆ 5% ಎಂದು ಬರೆದರೂ ತಕರಾರು. ಶೇಕಡಾ ಚಿಹ್ನೆಯನ್ನು ಎರಡು ಸಲ ಹಾಕಬೇಕು. ದರದ ಮುಂದೆಯೇ ಟಿಪ್ಪಣಿ ಬರೆದರೆ ಅದೂ ದರದ ಭಾಗವಾಗುತ್ತದೆ, ಬೇರೆ ಸಾಲಿನಲ್ಲಿ ಬರೆಯಿರಿ.

ಪೈಥಾನ್ 3.11ರಿಂದ ಟಾಮ್ಲ್ (TOML, ಐಎನ್‌ಐಯಂಥದೇ ಇನ್ನೊಂದು ಕಡತ ರೂಪ) ಓದುವ ಸೌಲಭ್ಯವೂ ಇದೆ. ಅಲ್ಲಿ ಸಂಖ್ಯೆ ಸಂಖ್ಯೆಯಾಗಿಯೇ ಬರುತ್ತದೆ, ಆದರೆ ಕನ್ನಡದ ಹೆಸರುಗಳಿಗೆ ಉದ್ಧರಣ ಚಿಹ್ನೆ ಕಡ್ಡಾಯ. ಕಾರ್ಯದರ್ಶಿಯ ಕೈಗೆ ಕೊಡುವುದಾದರೆ ನನ್ನ ಮತ ಐಎನ್‌ಐಗೇ. ಪಾಸ್‌ವರ್ಡ್ ಮಾತ್ರ ಎರಡರಲ್ಲೂ ಬೇಡ. ಅದು ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿರಲಿ, ಅಂದರೆ ಕಡತದ ಹೊರಗೆ, ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡು ಪ್ರೋಗ್ರಾಮಿಗೆ ಕೊಡುವ ಮೌಲ್ಯದಲ್ಲಿ.

ಇನ್ನು ದಾಖಲೆ, ಅಂದರೆ ಪ್ರೋಗ್ರಾಂ ಏನೇನು ಮಾಡಿತೆಂದು ಬರೆದಿಡುವ ಲಾಗ್. ಪ್ರಿಂಟ್ ಮಾಡಿದ್ದು ಕಿಟಕಿ ಮುಚ್ಚಿದೊಡನೆ ಮಾಯ. 2003ರಲ್ಲಿ ಬಂದ ಪೈಥಾನ್ 2.3ರಿಂದಲೂ ಲಾಗಿಂಗ್ ಮಾಡ್ಯೂಲ್ ಇದೆ. ಅದರ ಮಟ್ಟಗಳು ಐದು: ಡೀಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50. ನೀವೇನೂ ಹೇಳದಿದ್ದರೆ 30ಕ್ಕಿಂತ ಕೆಳಗಿನದು ಕಾಣುವುದಿಲ್ಲ. ಮಟ್ಟ ಇಳಿಸಿದಷ್ಟೂ ವಿವರ ಹೆಚ್ಚು. ಪ್ರೋಗ್ರಾಮಿನ ಆರಂಭದಲ್ಲೇ, ಬೇರೆ ಯಾವ ಲಾಗ್ ಸಾಲೂ ಓಡುವ ಮುನ್ನ, ಲಾಗಿಂಗ್ ಹೊಂದಿಸುವ ಬೇಸಿಕ್‌ಕಾನ್ಫಿಗ್ ಕರೆದು ಐಎನ್‌ಐಯಲ್ಲಿರುವ 'ಮಟ್ಟ'ವನ್ನು ಕೊಡಿ. ತಡವಾಗಿ ಕರೆದರೆ ಅದು ಸುಮ್ಮನೆ ಏನೂ ಮಾಡದಿರಬಹುದು.

ಲಾಗ್ ಕಡತ ಡಿಸ್ಕ್ ತುಂಬಿಸದಂತೆ ಮಿತಿ ಮುಟ್ಟಿದಾಗ ಹಳೆಯದನ್ನು ಎತ್ತಿಟ್ಟು ಹೊಸ ಕಡತ ಶುರುಮಾಡುವ ರೊಟೇಟಿಂಗ್‌ಫೈಲ್‌ಹ್ಯಾಂಡ್ಲರ್ ಬಳಸಿ: ಗಾತ್ರದ ಮಿತಿ 10 ಲಕ್ಷ ಬೈಟ್, ಹಳೆಯ ಪ್ರತಿ 5. ಎರಡನ್ನೂ ಕೊಡಬೇಕು. ಒಂದು ಸೊನ್ನೆಯಾಗಿ ಉಳಿದರೂ ಕಡತ ತಿರುಗುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ತಪ್ಪು ಹಿಡಿಯುವ ಎಕ್ಸೆಪ್ಟ್ ಒಳಗೆ ಎರರ್ ಬದಲು ಲಾಗರಿನ ಎಕ್ಸೆಪ್ಶನ್ ಕರೆದರೆ ತಪ್ಪು ನಡೆದ ಸಾಲಿನ ಸಂಖ್ಯೆಯೂ ಸಿಗುತ್ತದೆ.

ಮುಂದಿನ ಸಲ ಕಾರ್ಯದರ್ಶಿ ಫೋನ್ ಮಾಡಿದಾಗ, ಎಲೆಯ ಮುಂದಿನಿಂದ ಏಳದೆಯೇ ಹೇಳಬಹುದು: "ಮಟ್ಟ 20 ಇರೋದನ್ನ 10 ಮಾಡಿ, ಪ್ರೋಗ್ರಾಂ ಮುಚ್ಚಿ ತೆಗೀರಿ, ಲಾಗ್ ಕಡತ ವಾಟ್ಸ್ಆ್ಯಪ್ ಮಾಡಿ."