ಕೊನೇ ಸ್ಟಾಪಿನವರೆಗೆ ಒಂದು ಟಿಕೆಟ್: ಬಸ್ ರೂಟ್ ಪೂರ್ತಿ ಸುತ್ತುವ ಹವ್ಯಾಸ

ಬೆಂಗಳೂರಿನಲ್ಲಿ ದಿನಾ ಬಸ್ಸಿನಲ್ಲಿ ಓಡಾಡುವವರಲ್ಲೂ ತಮ್ಮ ರೂಟಿನ ಕೊನೇ ಸ್ಟಾಪ್ ನೋಡಿದವರು ಕಡಿಮೆ. ಬೋರ್ಡಿನಲ್ಲಿ ‘ಕಾಡುಗೋಡಿ’ ಅಂತ ವರ್ಷಗಟ್ಟಲೆ ಓದಿರುತ್ತಾರೆ, ದೊಮ್ಮಲೂರಿನಲ್ಲೇ ಇಳಿದುಬಿಡುತ್ತಾರೆ. ಇಳಿಯದೆ ಹಾಗೇ ಕೂತಿದ್ದರೆ? ಅದೇ ಈ ಹವ್ಯಾಸ. ಒಂದು ರೂಟ್ ಹಿಡಿದು ಈ ತುದಿಯಿಂದ ಆ ತುದಿಗೆ ಹೋಗುವುದು. ಕೆಲಸ ಏನೂ ಇಲ್ಲ, ಸುಮ್ನೆ.

ರೂಟ್ ಯಾವುದು?

ಮೊದಲ ಸಲಕ್ಕೆ 365 ಒಳ್ಳೇದು. ಮೆಜೆಸ್ಟಿಕ್‌ನಿಂದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನಕ್ಕೆ. ಹೊರಡುವುದೇ ಹಿಂದೆ ಧರ್ಮಾಂಬುಧಿ ಕೆರೆ ಇದ್ದ ಜಾಗದಿಂದ. ಡೇರಿ ಸರ್ಕಲ್ ದಾಟಿ ಬನ್ನೇರುಘಟ್ಟ ರಸ್ತೆ ಸೇರಿದ ಸ್ವಲ್ಪ ಹೊತ್ತಿಗೆ ಮೆಟ್ರೊ ಗುಲಾಬಿ ಮಾರ್ಗದ ಕಂಬಗಳು ಜೊತೆಯಾಗುತ್ತವೆ. ಜಯದೇವ, ಐಐಎಂ, ಹುಳಿಮಾವು, ಎಲ್ಲ ಕಡೆಯೂ ತಲೆ ಮೇಲೆ ಕಾಂಕ್ರೀಟು. ಕಾಳೇನ ಅಗ್ರಹಾರದ ಹತ್ತಿರ ಕಂಬಗಳು ಮುಗಿಯುತ್ತವೆ, ಆಕಾಶ ಕಾಣತೊಡಗುತ್ತದೆ. ಊರು ಎಲ್ಲಿ ಸಡಿಲವಾಗುತ್ತದೆ ಅಂತ ಕೂತಲ್ಲೇ ಗೊತ್ತಾಗುತ್ತದೆ. ಮಂಗಳವಾರ ಮಾತ್ರ ಬೇಡ, ಅವತ್ತು ಝೂಗೆ ರಜೆ.

ಎರಡನೆಯದು 335ಇ, ಮೆಜೆಸ್ಟಿಕ್‌–ಕಾಡುಗೋಡಿ. ಎಚ್‌ಎಎಲ್‌ನ ಮುಗಿಯದ ಕಾಂಪೌಂಡ್ ಗೋಡೆ, ಮಾರತ್ತಹಳ್ಳಿಯ ಬಟ್ಟೆ ಅಂಗಡಿಗಳ ಸಾಲು, ಐಟಿಪಿಎಲ್‌ನ ಗಾಜಿನ ಕಟ್ಟಡಗಳು, ಎಲ್ಲ ಒಂದೇ ಟಿಕೆಟ್ಟಿನಲ್ಲಿ. ವಾಪಸ್ ಬರಲು ಅಲ್ಲೇ ಮೆಟ್ರೊ ನೇರಳೆ ಮಾರ್ಗದ ಕೊನೇ ನಿಲ್ದಾಣವಿದೆ, ನೇರ ಮೆಜೆಸ್ಟಿಕ್‌ಗೆ ತಂದುಬಿಡುತ್ತದೆ.

ಹೊರವರ್ತುಲ ರಸ್ತೆಯ 500ಡಿ ತುಂಬಾ ಹೆಸರುವಾಸಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್. ನನ್ನ ಕೇಳಿದರೆ ಬೋರು. ಫ್ಲೈಓವರ್, ಟೆಕ್ ಪಾರ್ಕ್, ಮತ್ತೆ ಫ್ಲೈಓವರ್. ಅದೂ ಸಂಜೆ ಹೊತ್ತು ಹತ್ತಿದರೆ ನೋಡಲು ಸಿಗುವುದು ಮುಂದಿನ ಬಸ್ಸಿನ ಬೆನ್ನು ಮಾತ್ರ.

ಒಂದು ಮಾತು ನೆನಪಿರಲಿ. ನಂಬರಿನಷ್ಟೇ ಅದರ ಹಿಂದಿನ ಅಕ್ಷರವೂ ಮುಖ್ಯ. 500ಸಿ ಬೇರೆ, 500ಡಿ ಬೇರೆ. ನಂಬರ್ ನೋಡಿ ಓಡಿಹೋಗಿ ಹತ್ತಿದರೆ ಇನ್ನೆಲ್ಲೋ ಇಳಿಯುತ್ತೀರಿ. ಬಸ್ ಎಲ್ಲಿದೆ ಅಂತ ‘ನಮ್ಮ ಬಿಎಂಟಿಸಿ’ ಆ್ಯಪ್‌ನಲ್ಲಿ ನೋಡಿಕೊಳ್ಳಬಹುದು.

ಪಾಸ್

ಒಂದೇ ರೂಟಾದರೆ ಟಿಕೆಟ್ ಸಾಕು. ದಿನವೆಲ್ಲ ಸುತ್ತುವುದಾದರೆ ಡೇ ಪಾಸ್ ತೆಗೆದುಕೊಳ್ಳಿ. ಸಾಮಾನ್ಯ ಬಸ್ಸಿನದು 2025ರ ಜನವರಿಯಲ್ಲಿ ದರ ಏರಿದಾಗ 70ರಿಂದ 80 ರೂಪಾಯಿ ಆಯಿತು. ಪಾಸ್ ಇದ್ದರೆ ಚೆಂದ ಕಂಡಲ್ಲಿ ಇಳಿದು, ಕಾಫಿ ಕುಡಿದು, ಮುಂದಿನ ಬಸ್ ಹತ್ತಬಹುದು. ರಾಜ್ಯದ ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಆದರೆ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ಚೆಕಿಂಗ್‌ನವರು ಬಂದರೆ ಅದನ್ನೇ ಕೇಳುತ್ತಾರೆ.

ಸೀಟು

ಇಡೀ ಹವ್ಯಾಸದ ಅರ್ಧ ಸುಖ ಸೀಟಿನಲ್ಲಿದೆ. ಹಾಗಾಗಿ ಮೊದಲ ಸ್ಟಾಪಿನಲ್ಲೇ ಹತ್ತಬೇಕು. ನಡುವೆ ಹತ್ತಿ ನಿಂತುಕೊಂಡು ಹೋದರೆ ಕಾಣುವುದು ಪಕ್ಕದವರ ಬ್ಯಾಗು.

ಎಡಗಡೆ ಕಿಟಕಿಯಲ್ಲಿ ಫುಟ್‌ಪಾತ್, ಅಂಗಡಿ ಬೋರ್ಡು, ಸ್ಟಾಪಿನಲ್ಲಿ ಕಾಯುವ ಮುಖಗಳು ಕಾಣುತ್ತವೆ. ಬಲಗಡೆ ಬರೀ ಟ್ರಾಫಿಕ್ ಜಾಸ್ತಿ. ಆದರೆ ಬಿಸಿಲಿನ ಲೆಕ್ಕವೂ ಇದೆ, ಅಲ್ವಾ? 365 ದಕ್ಷಿಣಕ್ಕೆ ಹೋಗುತ್ತದೆ. ಬೆಳಗ್ಗೆ ಎಡಗಡೆ ಕೂತರೆ ದಾರಿಯುದ್ದಕ್ಕೂ ಬಿಸಿಲು ಕೆನ್ನೆಗೇ. ಅದಕ್ಕೆ ಬೆಳಗ್ಗೆ ಬಲಗಡೆ, ಮಧ್ಯಾಹ್ನದ ಮೇಲೆ ಎಡಗಡೆ. ಚಕ್ರದ ಮೇಲಿನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ಬರುತ್ತದೆ, ಬಿಟ್ಟುಬಿಡಿ. ಕಟ್ಟಕಡೆಯ ಸೀಟು ಹಂಪ್ ಬಂದಾಗಲೆಲ್ಲ ಎತ್ತಿ ಒಗೆಯುತ್ತದೆ. ತಗ್ಗು ನೆಲದ ಬಸ್ಸುಗಳಲ್ಲಿ ಹಿಂಭಾಗ ಮೆಟ್ಟಿಲೇರಿ ಎತ್ತರದಲ್ಲಿರುತ್ತದಲ್ಲ, ಅಲ್ಲಿಯ ಮೊದಲ ಸಾಲು ನನಗೆ ಇಷ್ಟ. ಮುಂದೆ ಮಹಿಳೆಯರ, ಹಿರಿಯರ ಸೀಟುಗಳಿವೆ, ನೋಡಿಕೊಂಡು ಕೂರಿ. ಎಸಿ ಬಸ್ಸಿನ ಗಾಜು ತೆರೆಯುವುದಿಲ್ಲ, ಹೂವಿನ ವಾಸನೆಯೂ ಬರುವುದಿಲ್ಲ, ಬಸ್ಸಿಗೆ ಬಸ್ಸು ತಾಗುವ ಹಾಗೆ ಬಂದಾಗ ಡ್ರೈವರುಗಳು ಆಡಿಕೊಳ್ಳುವ ಮಾತೂ ಕೇಳುವುದಿಲ್ಲ. ಸಾಮಾನ್ಯ ಬಸ್ಸೇ ವಾಸಿ.

ಹೊರಡಲು ಭಾನುವಾರ ಬೆಳಗ್ಗೆ ಒಳ್ಳೇ ಹೊತ್ತು. ಕೆಲಸದ ದಿನ ಆಫೀಸ್ ಸಮಯದಲ್ಲಿ ಹೋಗಲೇಬೇಡಿ. ಡ್ಯೂಟಿ ಮುಗಿಸಿ ಸುಸ್ತಾದವರು ನಿಂತಿರುವಾಗ ನಾವು ಶೋಕಿಗೆ ಕಿಟಕಿ ಹಿಡಿದು ಕೂರುವುದು ಸರಿಯಲ್ಲ.

ಕಂಡಕ್ಟರ್ ಕೇಳಿದರೆ

‘ಎಲ್ಲಿಗೆ?’ ಅಂದಾಗ ‘ಸುಮ್ನೆ’ ಅನ್ನಬೇಡಿ, ಅವರಿಗೆ ಟಿಕೆಟ್ ಮಿಷಿನ್‌ನಲ್ಲಿ ಒಂದು ಸ್ಟೇಜ್, ಅಂದರೆ ದರದ ಲೆಕ್ಕಕ್ಕೆ ಇಳಿಯುವ ಜಾಗ, ಒತ್ತಲೇಬೇಕು. ಕೊನೇ ಸ್ಟಾಪಿನ ಹೆಸರು ಹೇಳಿ. ಚಿಲ್ಲರೆ ಇಟ್ಟುಕೊಳ್ಳಿ. ಬಸ್ ಖಾಲಿಯಾಗುತ್ತಾ ಬಂದ ಮೇಲೆ ‘ಇದು ಎಷ್ಟನೇ ಟ್ರಿಪ್ ಸಾರ್?’ ಅಂತ ಕೇಳಿ ನೋಡಿ. ಅಲ್ಲಿಯವರೆಗೆ ‘ಒಳಗೆ ಹೋಗಿ, ಒಳಗೆ ಹೋಗಿ’ ಅಂತ ಗದರುತ್ತಿದ್ದವರು ರೂಟಿನ ಇಡೀ ಕಥೆ ಬಿಚ್ಚುತ್ತಾರೆ. ಮೊದಲು ಎಲ್ಲಿ ತಿರುಗುತ್ತಿತ್ತು, ಯಾವ ಸ್ಟಾಪಿನಲ್ಲಿ ಒಬ್ಬರೂ ಹತ್ತುವುದಿಲ್ಲ, ಯಾವ ಹೋಟೆಲಿನ ಟೀ ಕುಡಿಯಬಹುದು, ಎಲ್ಲ.

ವಾಪಸಾತಿ

ತುದಿ ತಲುಪಿದ ಮೇಲೆ ಇಳಿಯಲೇಬೇಕು. ಅದೇ ಬಸ್ಸಿನಲ್ಲಿ ವಾಪಸ್ ಬರುವುದಾದರೂ ಟಿಕೆಟ್ ಬೇರೆ. ನೀರು, ಒಂದಿಷ್ಟು ತಿಂಡಿ ಇರಲಿ. ಶೌಚಾಲಯದ ಚಿಂತೆ ಇದ್ದರೆ ಬನಶಂಕರಿ, ಶಾಂತಿನಗರ, ಯಶವಂತಪುರ, ಕೆಂಗೇರಿಯಂಥ ಟಿಟಿಎಂಸಿಗಳಿಂದ, ಅಂದರೆ ದೊಡ್ಡ ಬಸ್ ನಿಲ್ದಾಣಗಳಿಂದ, ಹೊರಡುವ ರೂಟ್ ಆರಿಸಿ.

ಟಿಕೆಟ್ ಎಸೆಯಬೇಡಿ. ದಿನಾಂಕ, ಹೊತ್ತು ಅದರಲ್ಲೇ ಇರುತ್ತದೆ, ನೋಟ್‌ಬುಕ್ಕಿಗೆ ಅಂಟಿಸಿ. ಶಾಯಿ ಬೇಗ ಮಾಸುತ್ತದೆ, ಮೊದಲು ಫೋಟೊ ತೆಗೆದಿಡಿ. ಕೆಲವರು ಕೆಎ 57 ಎಫ್ ಅಂತ ಶುರುವಾಗುವ ಬಸ್ ನಂಬರ್ ಕೂಡ ಬರೆದಿಡುತ್ತಾರೆ.

ಕತ್ತಲಾದ ಮೇಲೆ ದೂರದ ತುದಿಗೆ ಹೊರಡುವ ಮುಂಚೆ ವಾಪಸ್ ಕೊನೇ ಬಸ್ ಎಷ್ಟೊತ್ತಿಗೆ ಅಂತ ಕಂಡಕ್ಟರನ್ನೇ ಕೇಳಿ. ರಾತ್ರಿಯ ಬಸ್ಸುಗಳಲ್ಲಿ ಕೆಲವು ಅಲ್ಲಿಂದ ವಾಪಸ್ ಬರುವುದಿಲ್ಲ, ಸೀದಾ ಡಿಪೋಗೆ ಹೋಗಿಬಿಡುತ್ತವೆ.