ಇಂಗ್ಲೆಂಡಲ್ಲಿ ಕೇಪಿನ ಕೋವಿ ಹೊಡೀಬೇಕಾ? ಕೋವಿಗೊಂದು ಕಾಗದ, ಮಸಿಗೆ (ಕೋವಿಮದ್ದಿಗೆ) ಇನ್ನೊಂದು

ಮಲೆನಾಡಲ್ಲಿ ಅಜ್ಜನ ಕೇಪಿನ ಕೋವಿ (ನಳಿಗೆ ಬಾಯಿಂದ ಮದ್ದು-ಚರೆ ತುಂಬಿ, ಕೇಪು ಅನ್ನೋ ಪುಟ್ಟ ಸಿಡಿಮದ್ದಿನ ಟೋಪಿ ಇಟ್ಟು ಹೊಡೆಯೋದು) ನೋಡ್ಕೊಂಡು ಬೆಳೆದೋನು ನಾನು, ಇಲ್ಲಿಗೆ ಬಂದ್ಮೇಲೆ ಒಂದು ಹರಾಜಲ್ಲಿ ಅಂಥದ್ದೇ ಹಳೇ ಜೋಡುನಳಿಗೆ ಕೋವೀನ ಯಾವ ಲೈಸೆನ್ಸೂ ಕೇಳದೆ ಮಾರೋದು ನೋಡಿ ದಂಗಾಗ್ಬಿಟ್ಟೆ. ಆಮೇಲೆ ಗೊತ್ತಾಯ್ತು, ಬರೀ ಗೋಡೆಗೆ ತೂಗುಹಾಕೋಕಾದ್ರೆ ಅದು ಆಂಟಿಕ್, ಇಲ್ಲಿನ ಬಂದೂಕು ಕಾನೂನಾದ 1968ರ ಫೈರ್‌ಆರ್ಮ್ಸ್ ಆಕ್ಟ್ ಅದರ ತಂಟೆಗೆ ಬರಲ್ಲ, ಅದೇ ಕೋವಿಗೆ ಒಂದು ಈಡು ತುಂಬಿ ಹೊಡೀತೀನಿ ಅಂದ್ರೆ ಮಾತ್ರ ಶಾಟ್‌ಗನ್ (ಚರೆ ಕೋವಿ) ಸರ್ಟಿಫಿಕೇಟ್ ಬೇಕೇ ಬೇಕು. ಕೊಡವರಿಗೆ ಊರಲ್ಲಿರೋ ಕೋವಿ ಲೈಸೆನ್ಸ್ ವಿನಾಯಿತಿ ಇಲ್ಲಿ ನಡೆಯಲ್ಲ, ಕೋವಿ ಪೂಜೆ ಮಾಡೋ ಕೈಲ್‌ಪೊಳ್ದ್ ಹಬ್ಬದ ಫೋಟೋ ತೋರಿಸಿದ್ರೂ ಅಷ್ಟೇ.

ಅರ್ಜಿ ಹಾಕೋದು ನಿಮ್ಮ ಏರಿಯಾ ಪೊಲೀಸ್‌ಗೆ. 2025ರ ಫೆಬ್ರವರಿಯಲ್ಲಿ ಫೀಸು 79.50 ಪೌಂಡಿಂದ 194ಕ್ಕೆ ಏರಿತು, ಸರ್ಟಿಫಿಕೇಟ್ 5 ವರ್ಷ ನಡೆಯುತ್ತೆ. ಡಾಕ್ಟರ್ ಹತ್ರ ಮೆಡಿಕಲ್ ರಿಪೋರ್ಟ್ ಬೇಕು, ಕನಿಷ್ಠ 2 ವರ್ಷದಿಂದ ನಿಮ್ಮನ್ನ ಬಲ್ಲೋರು ರೆಫರಿ (ನಿಮ್ಮ ಬಗ್ಗೆ ಭರವಸೆ ಕೊಡೋರು) ಆಗ್ಬೇಕು, ನೆಂಟರು ಆಗಲ್ಲ, ಹಂಗಾಗಿ ಹೊಸದಾಗಿ ಬಂದೋರು ಅವಸರ ಮಾಡ್ಬೇಡಿ. ಆಮೇಲೆ ಆಫೀಸರ್ ಮನೆಗೇ ಬರ್ತಾರೆ, ಗೋಡೆಗೆ ಬೋಲ್ಟ್ ಮಾಡಿದ ಸ್ಟೀಲ್ ಕಪಾಟು ನೋಡ್ತಾರೆ. ಕೀಲಿ ಎಲ್ಲಿದೆ ಅಂತ ಹೆಂಡ್ತಿಗೂ ಗೊತ್ತಿರಬಾರ್ದು. ನಮ್ಮವಳು ಪಕ್ಕದಲ್ಲೇ ನಿಂತು "ಈ ಮನೇಲಿ ನನಗೆ ಗೊತ್ತಿಲ್ದೇ ಇರೋ ಜಾಗ ಯಾವ್ದು?" ಅಂದಾಗ ನನಗೆ ಬೆವರು. ಪುಣ್ಯಕ್ಕೆ ಕನ್ನಡದಲ್ಲಂದ್ಲು.

ಜಾಸ್ತಿ ಜನ ಎಡವೋದು ಮಸಿ ವಿಷಯದಲ್ಲಿ. ಶಾಟ್‌ಗನ್ ಸರ್ಟಿಫಿಕೇಟ್ ತೋರಿಸಿದ್ರೆ ಮಸಿ, ಅಂದ್ರೆ ಬ್ಲ್ಯಾಕ್ ಪೌಡರ್, ಕೊಡಲ್ಲ, ಅದಕ್ಕೆ ಪೊಲೀಸರಿಂದಲೇ ಬೇರೆ ಎಕ್ಸ್‌ಪ್ಲೋಸಿವ್ಸ್ (ಸ್ಫೋಟಕ) ಸರ್ಟಿಫಿಕೇಟ್ ತಗೋಬೇಕು, ಇಡೋಕೆ ಖಾನೆ ಖಾನೆ ಇರೋ ದಪ್ಪ ಪ್ಲೈವುಡ್ ಪೆಟ್ಟಿಗೆ. ಕಬ್ಬಿಣದ ಡಬ್ಬಿ ಯಾಕಾಗಲ್ಲ ಅಂದ್ರೆ ಒಳಗೆ ಬೆಂಕಿ ಬಿದ್ರೆ ಅದೇ ಬಾಂಬ್ ಆಗುತ್ತೆ.

ಇಷ್ಟೆಲ್ಲ ಖರ್ಚು ಮಾಡೋಕೆ ಮುಂಚೆ ಒಂದ್ಸಲ ಹೊಡೆದು ನೋಡಿ. ಪೊಲೀಸ್ ಒಪ್ಪಿಗೆ ಇರೋ ಕ್ಲೇ ಗ್ರೌಂಡಲ್ಲಿ (ಹಾರೋ ಬಿಲ್ಲೆಗೆ ಗುರಿಯಿಡೋ ಮೈದಾನ) ಬೇರೆಯವರ ಕೋವಿ ಹಿಡಿದು ಹೊಡೆಯೋಕೆ ಸರ್ಟಿಫಿಕೇಟೇ ಬೇಡ. 1952ರಲ್ಲಿ ಶುರುವಾದ, ಬಾಯಿಂದ ತುಂಬೋ ಕೋವಿಯೋರ ಸಂಘ ಮಝಲ್ ಲೋಡರ್ಸ್ ಅಸೋಸಿಯೇಷನ್ ಆಫ್ ಗ್ರೇಟ್ ಬ್ರಿಟನ್‌ಗೆ ಬೇರೆ ಬೇರೆ ಕಡೆ ಶಾಖೆ ಇದೆ, ವಯಸ್ಸಾದೋರು ಪ್ರೀತಿಯಿಂದ ಹೇಳ್ಕೊಡ್ತಾರೆ.

ಹನ್ನೆರಡು ಬೋರ್ (ನಳಿಗೆ ಅಗಲದ ಅಳತೆ) ಕೋವಿಗೆ ಸುಮಾರು 5 ಗ್ರಾಂ ಮಸಿ, ಮೇಲೆ ವಾಡ್ (ಒತ್ತಿ ಕೂರಿಸೋ ಅಡ್ಡೆ), ಆಮೇಲೆ 30 ಗ್ರಾಂ ಆಸುಪಾಸು ಚರೆ, ಅದರ ಮೇಲೆ ತೆಳು ಕಾರ್ಡು, ಗಜದಲ್ಲಿ (ತುಂಬೋ ಕೋಲು) ಒತ್ತೋದು, ಕೇಪು ಹಾಕೋದು ಎಲ್ಲಕ್ಕಿಂತ ಕೊನೆಗೆ. ಮಸೀನ ಅದನ್ನ ತುಂಬಿಡೋ ಫ್ಲಾಸ್ಕಿಂದ ನೇರ ನಳಿಗೆಗೆ ಸುರೀಬೇಡಿ, ಒಳಗೊಂದು ಕಿಡಿ ಉಳಿದಿದ್ರೆ ಫ್ಲಾಸ್ಕೇ ಕೈಯಲ್ಲಿ ಸಿಡಿಯುತ್ತೆ, ಅಳತೆ ಬಟ್ಟಲಲ್ಲೇ ಹಾಕಿ. ಒಂದು ನಳಿಗೆ ಹೊಡೆದು ಅದನ್ನ ಮತ್ತೆ ತುಂಬೋವಾಗ ಇನ್ನೊಂದರ ಕೇಪು ತೆಗೆದಿಡಿ. ಈಗಿನ ತೋಟಾಗಳಲ್ಲಿರೋ ನೈಟ್ರೋ ಪೌಡರನ್ನಂತೂ ಚಿಟಿಕೆನೂ ಹಾಕ್ಬೇಡಿ, ನಳಿಗೆ ಒಡೆದುಹೋಗುತ್ತೆ.

ಹೊಡೆದ ದಿನವೇ ಬಿಸಿನೀರಲ್ಲಿ ತೊಳೀಬೇಕು, ಬಿಟ್ರೆ ತುಕ್ಕು. ಕಪ್ಪುನೀರು ಇಳಿಯೋವಾಗ ಕೊಳೆತ ಮೊಟ್ಟೆ ವಾಸ್ನೆ ಬರುತ್ತೆ, ನಮ್ಮನೇಲಿ ಇನ್ಮೇಲೆ ಬಾತ್‌ರೂಮ್ ಬೇಡ, ಗ್ಯಾರೇಜಿಗೆ ಹೋಗಿ ಅಂತ ಆರ್ಡರ್ ಆಗಿದೆ.